ಸಮಾಜ ಕಲ್ಯಾಣ ಮತ್ತು ಸೋಶಿಯಲ್ ಬಿಸಿನೆಸ್ ಕಲಿಸುವ ಕಿಟ್: ಒಂದು ಸೆಮಿಸ್ಟರ್ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಈ ಕಿಟ್ ತಗೊಳ್ಳಿ. ಆದರೆ ಅದು ಹೇಳಿದ ಕ್ರಮದಲ್ಲಿ ಪಾಠ ಮಾಡಬೇಡಿ.

ನಾನು ಹದಿನೇಳು ವರ್ಷದಿಂದ ಯೂನಿವರ್ಸಿಟಿಯಲ್ಲಿ ಸಮಾಜಕಾರ್ಯ ಕಲಿಸುತ್ತಿದ್ದೇನೆ. ಅಂತರರಾಷ್ಟ್ರೀಯ ಸಮಾಜ ಕಲ್ಯಾಣ ಅನ್ನುವ ಪೇಪರ್ ನನ್ನ ಪಾಲಿಗೆ ಬಂದು ಎಂಟು ವರ್ಷವಾಯಿತು. ಇಷ್ಟು ದಿನ ನೋಟ್ಸ್, ಬೋರ್ಡು, ಒಂದೆರಡು ಸೆಮಿನಾರ್, ಅಷ್ಟರಲ್ಲೇ ನಡೆಯುತ್ತಿತ್ತು. ಈ ಸಲ ಅದಕ್ಕೆ ಸೋಶಿಯಲ್ ಬಿಸಿನೆಸ್, ಅಂದರೆ ಲಾಭ ಹಂಚಿಕೊಳ್ಳದೆ ಸಮಾಜದ ಒಂದು ಕಷ್ಟ ಬಗೆಹರಿಸಲು ನಡೆಸುವ ವ್ಯಾಪಾರ, ಅದನ್ನೂ ಸೇರಿಸಿ ಓಪನ್ ಎಲೆಕ್ಟಿವ್ (ಬೇರೆ ವಿಭಾಗದವರೂ ಆರಿಸಿಕೊಳ್ಳಬಹುದಾದ ಪೇಪರ್) ಮಾಡಿದರು. ಕ್ಲಾಸಿಗೆ 41 ಜನ ಬಂದರು. 23 ಜನ ಸಮಾಜಕಾರ್ಯದವರು, ಉಳಿದ 18 ಜನ ಕಾಮರ್ಸ್ ಮತ್ತು ಮ್ಯಾನೇಜ್‌ಮೆಂಟ್‌ನವರು. ಪಾಠ ಮಾಡುವವರೂ ಇಬ್ಬರು: ನಾನು ಮತ್ತು ಕಾಮರ್ಸ್ ವಿಭಾಗದ ನನ್ನ ಸಹೋದ್ಯೋಗಿ. ಅವರನ್ನು ಇಲ್ಲಿ ಕಾಮರ್ಸ್ ಸರ್ ಅಂತಲೇ ಕರೆಯುತ್ತೇನೆ.

ನನ್ನ ವಿದ್ಯಾರ್ಥಿಗಳಿಗೆ ಲಾಭ-ನಷ್ಟದ ಪಟ್ಟಿ ಓದಲು ಬರುವುದಿಲ್ಲ. ಅವರ ವಿದ್ಯಾರ್ಥಿಗಳು ಪಿಂಚಣಿ ಅಂದರೆ ಸರ್ಕಾರಕ್ಕೆ ಹೊರೆ ಅಂದುಕೊಂಡು ಬಂದವರು. ಇಬ್ಬರನ್ನೂ ಒಂದೇ ಬೆಂಚಿನಲ್ಲಿ ಕೂರಿಸಿ ಮಾತಾಡಿಸುವ ಸಾಮಗ್ರಿ ಬೇಕಿತ್ತು. ಅದಕ್ಕೆ ಈ ಕಿಟ್ ತರಿಸಿದೆವು. ತಯಾರಿಸಿದವರ ಹೆಸರು ಹಾಕುತ್ತಿಲ್ಲ. ಕೆಲವು ತಪ್ಪುಗಳ ಬಗ್ಗೆಯೂ ಬರೆಯಬೇಕಾಗಿದೆ, ಅವರು ತಿದ್ದುತ್ತೇವೆ ಅಂದಿದ್ದಾರೆ. ಇಂಥದ್ದೇ ಕಿಟ್‌ಗಳು ಬೇರೆ ಕಡೆಯವರದ್ದೂ ಇವೆ. ಆರಿಸುವಾಗ ಏನು ನೋಡಬೇಕು ಅಂತ ತಿಳಿದರೆ ಸಾಕು.

ಪೆಟ್ಟಿಗೆಯಲ್ಲಿ 24 ಕೇಸ್ ಕಾರ್ಡ್, ಆರು ಲೆಕ್ಕದ ಪುಸ್ತಕ, ಒಂದು ಕಟ್ಟು ಬೆಲೆ ಚೀಟಿ, ಮೇಷ್ಟ್ರಿಗೆ ಒಂದು ಕೈಪಿಡಿ. ಜೊತೆಗೆ ವೆಬ್‌ಸೈಟಿನ ಲಾಗಿನ್, ಚಿಕ್ಕ ವಿಡಿಯೋಗಳು, ಮತ್ತು ಫೀಲ್ಡ್‌ನಲ್ಲಿ ಕೆಲಸ ಮಾಡುವವರ ಜೊತೆ ಮೂರು ಲೈವ್ ಕ್ಲಾಸ್. ಒಟ್ಟು ಹದಿನಾಲ್ಕು ವಾರ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕೇಸ್ ಕಾರ್ಡುಗಳು. ಪ್ರತಿ ಕಾರ್ಡಿಗೂ ಎರಡು ಹಾಳೆ. ಮೊದಲ ಹಾಳೆಯಲ್ಲಿ ಆ ಯೋಚನೆ ಏನು, ಅದನ್ನು ತಂದವರು ಏನು ಭರವಸೆ ಕೊಟ್ಟರು ಅಂತ ಇರುತ್ತದೆ. ಎರಡನೇ ಹಾಳೆ ಅಂಟಿಸಿದ ಲಕೋಟೆಯಲ್ಲಿರುತ್ತದೆ. ಮೊದಲನೆಯದನ್ನು ಓದಿ, ಜಗಳ ಆಡಿ, ಕೈ ಎತ್ತಿ ವೋಟು ಹಾಕಿದ ಮೇಲೇ ಲಕೋಟೆ ಒಡೆಯಬೇಕು. ಇದು ಚಿಕ್ಕ ಉಪಾಯ ಅನ್ನಿಸಬಹುದು. ಆದರೆ ಇಪ್ಪತ್ತು ವರ್ಷದ ಹುಡುಗ ಹುಡುಗಿಯರು ಮೊದಲು ತಾವೇ ಒಂದು ಪಕ್ಷ ಹಿಡಿದಿದ್ದರೆ, ಆಮೇಲೆ ಬರುವ ಲೆಕ್ಕವನ್ನು ಕಣ್ಣು ಬಿಟ್ಟು ನೋಡುತ್ತಾರೆ. ನಾನೇ ಪಾಠದಲ್ಲಿ ಹೇಳಿಬಿಟ್ಟರೆ ಬರೆದುಕೊಂಡು ಸುಮ್ಮನಾಗುತ್ತಾರೆ.

ಪ್ಲೇಪಂಪ್ ಕಾರ್ಡಿನ ದಿನ ಏನಾಯಿತು ಅಂತ ಹೇಳುತ್ತೇನೆ. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಯೋಚನೆ ಅದು. ಶಾಲೆಯ ಅಂಗಳದಲ್ಲಿ ಮಕ್ಕಳು ಸುತ್ತುವ ತಿರುಗು ಚಕ್ರಕ್ಕೆ ನೀರಿನ ಪಂಪ್ ಜೋಡಿಸಿರುತ್ತಾರೆ. ಮಕ್ಕಳು ಆಡಿದರೆ ನೆಲದೊಳಗಿನ ನೀರು ಮೇಲಿನ ಟ್ಯಾಂಕಿಗೆ ಏರುತ್ತದೆ. ಟ್ಯಾಂಕಿನ ಬದಿಗಳಲ್ಲಿ ಜಾಹೀರಾತು ಹಾಕಿ, ಆ ದುಡ್ಡಿನಲ್ಲಿ ರಿಪೇರಿ. ಆಟವೂ ಆಯಿತು, ನೀರೂ ಆಯಿತು, ಯಾರ ಮುಂದೆಯೂ ಕೈ ಚಾಚಬೇಕಿಲ್ಲ. 2006ರಲ್ಲಿ ಅಮೆರಿಕದಲ್ಲಿ ಇದಕ್ಕೆ 1 ಕೋಟಿ 64 ಲಕ್ಷ ಡಾಲರ್ ನೆರವು ಘೋಷಣೆಯಾಯಿತು. 2010ರೊಳಗೆ ಆಫ್ರಿಕಾದಲ್ಲಿ 4,000 ಪಂಪ್ ಹಾಕುವ ಗುರಿ ಇತ್ತು. ಇಷ್ಟು ಓದಿ ವೋಟು ಕೇಳಿದೆ. 41ರಲ್ಲಿ 37 ಕೈ ಮೇಲೆ.

ಲಕೋಟೆ ಒಡೆದೆವು. ಒಳಗೆ ಮೂರೇ ಅಂಕಿ. ಒಂದು ಪಂಪಿನಿಂದ 2,500 ಜನರಿಗೆ ನೀರು ಅನ್ನುವುದು ಅವರ ಮಾತು. ಒಬ್ಬರಿಗೆ ದಿನಕ್ಕೆ ಕಡಿಮೆ ಅಂದರೂ 15 ಲೀಟರ್ ಬೇಕು. ಚಕ್ರ ಚೆನ್ನಾಗಿ ತಿರುಗಿದರೆ ಗಂಟೆಗೆ 1,400 ಲೀಟರ್ ಬರುತ್ತದೆ. ಸಮಾಜಕಾರ್ಯದ ಒಬ್ಬ ಹುಡುಗಿಯನ್ನು ಬೋರ್ಡಿಗೆ ಕರೆದೆ. ಆಕೆ ಮೊದಲ ವಾರ "ಮೇಡಂ, ನಂಗೆ ಲೆಕ್ಕ ಬರಲ್ಲ, ಎಲೆಕ್ಟಿವ್ ಬದಲಾಯಿಸಬಹುದಾ" ಅಂತ ಕೇಳಿದ್ದವಳು. ನಿಧಾನವಾಗಿ ಗುಣಿಸಿದಳು. 37,500 ಲೀಟರ್. ಭಾಗಿಸಿದಳು. 26.78. ಸ್ವಲ್ಪ ಹೊತ್ತು ತಾನು ಬರೆದದ್ದನ್ನೇ ನೋಡಿದಳು. ತಪ್ಪಾಗಿದೆ ಅಂದುಕೊಂಡು ಒರೆಸಿ ಮತ್ತೆ ಮಾಡಿದಳು. ಮತ್ತೆ ಅದೇ ಬಂತು.

"ಮೇಡಂ, ದಿನಕ್ಕೆ 27 ಗಂಟೆ ಆಡಬೇಕು."

ಹಿಂದಿನ ಬೆಂಚಿನಿಂದ ಒಬ್ಬ, "ದಿನಕ್ಕೆ ಇರೋದೇ 24 ಅಲ್ವಾ?" ಅಂದ. ಯಾರೂ ನಗಲಿಲ್ಲ. 37 ಕೈ ಎತ್ತಿದ್ದು ಎಲ್ಲರಿಗೂ ನೆನಪಿತ್ತು.

ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ 2009ರಲ್ಲಿ ಇದೇ ಲೆಕ್ಕ ಹಾಕಿ ಬರೆದಿತ್ತು. ಮಕ್ಕಳು ಶಾಲೆಯಲ್ಲಿದ್ದಾಗ ಆ ಭಾರದ ಚಕ್ರವನ್ನು ಹೆಂಗಸರೇ ತಳ್ಳಬೇಕಾಯಿತು ಅನ್ನುವ ವರದಿಗಳೂ ಬಂದವು. ಕೆಲವು ಕಡೆ ಮೊದಲು ಇದ್ದ ಕೈಪಂಪನ್ನು ಕಿತ್ತು ಇದನ್ನು ಹಾಕಿದ್ದರು. ಹಳ್ಳಿಯ ಟ್ಯಾಂಕಿನ ಮೇಲೆ ಜಾಹೀರಾತು ಹಾಕಲು ಕಂಪನಿಗಳು ಮುಂದೆ ಬರಲಿಲ್ಲ. ಇದನ್ನೆಲ್ಲ ಓದಿದ ಮೇಲೆ ನಮ್ಮ ಹುಡುಗಿ ಕೇಳಿದ ಪ್ರಶ್ನೆ ಹೀಗಿತ್ತು: "ಇಷ್ಟು ದುಡ್ಡು ಕೊಡೋ ಮುಂಚೆ ಯಾರೂ ಈ ಭಾಗಾಕಾರ ಮಾಡ್ಲಿಲ್ವಾ?" ಆಕೆ ಎಲೆಕ್ಟಿವ್ ಬದಲಾಯಿಸಲಿಲ್ಲ.

ಎರಡನೇ ಒಳ್ಳೆಯ ಅಂಶ ಮೊಸರಿನ ಆಟ. ಇದು ಬಾಂಗ್ಲಾದೇಶದ ನಿಜವಾದ ಕಥೆಯ ಮೇಲೆ ಕಟ್ಟಿದ್ದು. 2006ರಲ್ಲಿ ಬಡವರಿಗೆ ಸಣ್ಣ ಸಾಲ ಕೊಟ್ಟು ಹೆಸರಾದ ಗ್ರಾಮೀಣ್ ಸಂಸ್ಥೆ ಮತ್ತು ಹಾಲು-ಮೊಸರಿನ ದೊಡ್ಡ ಕಂಪನಿ, ಫ್ರಾನ್ಸಿನ ಡ್ಯಾನೋನ್, ಸೇರಿ ಒಂದು ಕಂಪನಿ ಮಾಡಿದವು. ಬೊಗ್ರಾದಲ್ಲಿ ಚಿಕ್ಕ ಕಾರ್ಖಾನೆ, 2007ರಲ್ಲಿ ಕೆಲಸ ಶುರು. ಅಪೌಷ್ಟಿಕತೆ ಇರುವ ಮಕ್ಕಳಿಗಾಗಿ ಕಬ್ಬಿಣ, ಸತು, ಅಯೋಡಿನ್ ಸೇರಿಸಿದ ಮೊಸರು. ಹಾಲು ಸುತ್ತಮುತ್ತಲಿನ ಸಣ್ಣ ರೈತರಿಂದ. ಮಾರುವುದು ಹಳ್ಳಿಯ ಹೆಂಗಸರು, ಮನೆ ಮನೆಗೆ ಹೋಗಿ. ಬಂಡವಾಳ ಹಾಕಿದವರು ಲಾಭದ ಪಾಲು ಕೇಳುವ ಹಾಗಿಲ್ಲ. ಕೇಳಲು ಎಷ್ಟು ಚೆಂದ!

ಆಟದಲ್ಲಿ ಪ್ರತಿ ಗುಂಪಿಗೂ ಒಂದು ಲೆಕ್ಕದ ಪುಸ್ತಕ. ಹತ್ತು ನಿಮಿಷ ಅಂದರೆ ಒಂದು ತಿಂಗಳು. ಪ್ರತಿ ತಿಂಗಳೂ ಒಂದು ಚೀಟಿ ಎತ್ತಬೇಕು. ಅದರಲ್ಲಿ ಹಾಲಿನ ಬೆಲೆ ಇರುತ್ತದೆ. ಮೊದಲ ಮೂರು ತಿಂಗಳು ಎಲ್ಲರೂ ಖುಷಿ. ನಾಲ್ಕನೇ ತಿಂಗಳಿನಿಂದ ಹಾಲು ಏರುತ್ತಾ ಹೋಗುತ್ತದೆ. ಮೊಸರಿನ ಬೆಲೆ ಏರಿಸಿದರೆ ಬಡವರು ಕೊಳ್ಳುವುದಿಲ್ಲ. ಏರಿಸದಿದ್ದರೆ ಕಂಪನಿ ಮುಳುಗುತ್ತದೆ.

ಮೂರನೇ ಗುಂಪಿನ ಹತ್ತಿರ ನಿಂತಿದ್ದೆ. ಕಾಮರ್ಸ್‌ನ ಹುಡುಗ ಪೆನ್ಸಿಲ್ ಹಿಡಿದು, "ಮಾರೋ ಹೆಂಗಸರ ಕಮಿಷನ್ ಅರ್ಧ ಮಾಡಿದ್ರೆ ಸರಿಹೋಗುತ್ತೆ ನೋಡಿ" ಅಂದ. ಪಕ್ಕದಲ್ಲಿದ್ದ ಸಮಾಜಕಾರ್ಯದ ಹುಡುಗಿ ಪುಸ್ತಕ ತನ್ನ ಕಡೆ ಎಳೆದುಕೊಂಡಳು.

"ಅವರಿಗೆ ದುಡಿಮೆ ಸಿಗಲಿ ಅಂತಾನೂ ಅಲ್ವಾ ಈ ಕಂಪನಿ ಶುರುವಾಗಿದ್ದು? ಅದನ್ನ ಖರ್ಚಿನ ಕಾಲಂನಲ್ಲಿ ಯಾಕೆ ಬರ್ದೆ?"

"ಮತ್ತೆ ಎಲ್ಲಿ ಬರೀಲಿ?"

ಅವನು ಕೇಳಿದ್ದು ನಿಜವಾಗಿಯೇ ಗೊತ್ತಿಲ್ಲದೆ. ಅವಳಿಗೂ ಉತ್ತರ ಗೊತ್ತಿರಲಿಲ್ಲ. ಕಾಮರ್ಸ್ ಸರ್ ಎದ್ದು ಬಂದರು. ಕಮಿಷನ್ ಖರ್ಚೇ, ಪುಸ್ತಕದಲ್ಲಿ ಅಲ್ಲೇ ಇರಬೇಕು, ಅಂದರು. ಆಮೇಲೆ ಅದೇ ಹಾಳೆಯ ಬಲಗಡೆ ಇನ್ನೊಂದು ಗೆರೆ ಎಳೆದು, "ಇಲ್ಲಿ ಎಷ್ಟು ಹೆಂಗಸರಿಗೆ ಎಷ್ಟು ದುಡಿಮೆ ಆಯ್ತು ಅಂತ ಬರೀರಿ, ಎಷ್ಟು ಮಕ್ಕಳು ಮೊಸರು ತಿಂದರು ಅಂತ ಬರೀರಿ, ಎಡಗಡೆ ಏನು ಕೊಯ್ದರೂ ಬಲಗಡೆ ಏನಾಗುತ್ತೆ ಅಂತ ಪಕ್ಕದಲ್ಲೇ ಕಾಣಲಿ" ಅಂದರು. ಕಿಟ್‌ನಲ್ಲಿ ಈ ಎರಡನೇ ಕಾಲಂ ಇರಲಿಲ್ಲ. ಮುಂದಿನ ಕ್ಲಾಸಿಗೆ ಆರೂ ಗುಂಪಿನವರು ತಾವೇ ಗೆರೆ ಎಳೆದುಕೊಂಡು ಬಂದಿದ್ದರು. ನೀವು ಈ ಕಿಟ್ ತಗೊಂಡರೆ ದಯವಿಟ್ಟು ಮೊದಲ ದಿನವೇ ಈ ಗೆರೆ ಎಳೆಸಿ.

ನಿಜವಾಗಿ ಏನಾಯಿತು ಅನ್ನುವುದು ಆಟ ಮುಗಿದ ಮೇಲೆ ಲಕೋಟೆಯಲ್ಲಿ ಸಿಗುತ್ತದೆ. ಐದು ಟಾಕಾ ಇದ್ದ ಕಪ್ಪನ್ನು 2008ರಲ್ಲಿ, ಹಾಲು ದುಬಾರಿಯಾದಾಗ, ಎಂಟು ಟಾಕಾ ಮಾಡಿದರು. ಹಳ್ಳಿಗಳಲ್ಲಿ ಮಾರಾಟ ದಿಢೀರ್ ಬಿತ್ತು. ಆಮೇಲೆ ಕಪ್ ಚಿಕ್ಕದು ಮಾಡಿ ಬೆಲೆ ಇಳಿಸಿದರು. ಪೇಟೆಯಲ್ಲಿ ಜಾಸ್ತಿ ಬೆಲೆಗೆ ಮಾರಿ ಹಳ್ಳಿಯ ಬೆಲೆ ಹಿಡಿದಿಡಲು ನೋಡಿದರು. ನಮ್ಮ ಆರು ಗುಂಪುಗಳಲ್ಲಿ ಎರಡು ಗುಂಪು ಇದೇ ದಾರಿ ಹಿಡಿದಿದ್ದವು. ಲಕೋಟೆ ಓದಿದಾಗ ಅವರ ಮುಖ ನೋಡಬೇಕಿತ್ತು.

ಸೋಶಿಯಲ್ ಬಿಸಿನೆಸ್ ಅಂದರೆ ಏನು, ಏನಲ್ಲ ಅನ್ನುವುದನ್ನೂ ಕಿಟ್ ಚೆನ್ನಾಗಿ ಬಿಡಿಸಿದೆ. ಗ್ರಾಮೀಣ್ ಬ್ಯಾಂಕ್ ಕಟ್ಟಿದ ಬಾಂಗ್ಲಾದೇಶದ ಅರ್ಥಶಾಸ್ತ್ರಜ್ಞ ಮುಹಮ್ಮದ್ ಯೂನುಸ್ ಹೇಳಿದ ಅರ್ಥದಲ್ಲಿ ಅದು ನಷ್ಟವೂ ಇರಬಾರದು, ಡಿವಿಡೆಂಡೂ (ಹೂಡಿಕೆದಾರರಿಗೆ ಹಂಚುವ ಲಾಭ) ಇರಬಾರದು ಅನ್ನುವ ಕಂಪನಿ. ಹಣ ಹಾಕಿದವರಿಗೆ ಹಾಕಿದ್ದಷ್ಟೇ ವಾಪಸ್. ಮಿಕ್ಕ ಲಾಭ ಕಂಪನಿಯಲ್ಲೇ. 2009ರಲ್ಲಿ ದಾವೋಸ್‌ನ ವಿಶ್ವ ಆರ್ಥಿಕ ಸಭೆಯಲ್ಲಿ ಅವರು ಮುಂದಿಟ್ಟ ಏಳು ತತ್ವಗಳಲ್ಲಿ, ಕೆಲಸಗಾರರಿಗೆ ಮಾರುಕಟ್ಟೆಯ ಸಂಬಳ ಕೊಟ್ಟು ಅದಕ್ಕಿಂತ ಒಳ್ಳೆಯ ವಾತಾವರಣ ಕೊಡಬೇಕು ಅನ್ನುವುದೂ ಒಂದು. ಕೊನೆಯದು, ಖುಷಿಯಿಂದ ಮಾಡಿ ಅನ್ನುವುದು. ದಾನದ ಮೇಲೆ ನಡೆಯುವ ಸಂಸ್ಥೆ ಇದಲ್ಲ. ದೊಡ್ಡ ಕಂಪನಿ ಲಾಭದಲ್ಲಿ ಒಂದು ಚೂರು ತೆಗೆದಿಡುವುದೂ ಇದಲ್ಲ. 1991ರಲ್ಲಿ ಲಂಡನ್‌ನಲ್ಲಿ ಶುರುವಾದ ಬಿಗ್ ಇಶ್ಯೂ ಪತ್ರಿಕೆಯ ಕಾರ್ಡ್ ಇಲ್ಲಿ ತುಂಬಾ ಉಪಯೋಗಕ್ಕೆ ಬಂತು. ಮನೆಯಿಲ್ಲದವರು ಪತ್ರಿಕೆಯನ್ನು ತಾವೇ ದುಡ್ಡು ಕೊಟ್ಟು ಕೊಂಡು, ಹೆಚ್ಚಿನ ಬೆಲೆಗೆ ಬೀದಿಯಲ್ಲಿ ಮಾರುತ್ತಾರೆ. ಅವರು ಅಲ್ಲಿ ವ್ಯಾಪಾರಿಗಳು.

ಮದುರೈನ ಅರವಿಂದ ಕಣ್ಣಿನ ಆಸ್ಪತ್ರೆಯ ಕಾರ್ಡೂ ಒಳ್ಳೆಯದು. ಡಾ. ಜಿ. ವೆಂಕಟಸ್ವಾಮಿ ಸರ್ಕಾರಿ ಕೆಲಸದಿಂದ ನಿವೃತ್ತರಾದ ಮೇಲೆ, 1976ರಲ್ಲಿ, ಹನ್ನೊಂದು ಹಾಸಿಗೆಯಿಂದ ಶುರು ಮಾಡಿದ್ದು. ಸಂಧಿವಾತದಿಂದ ಬೆರಳು ಸೊಟ್ಟಗಾಗಿದ್ದರೂ ಅದೇ ಕೈಯಲ್ಲಿ ಕಣ್ಣಿನ ಆಪರೇಷನ್ ಮಾಡುತ್ತಿದ್ದರು. ದುಡ್ಡು ಕೊಡಬಲ್ಲವರಿಂದ ಬಂದದ್ದರಲ್ಲಿ ಕೊಡಲಾಗದವರಿಗೂ ಚಿಕಿತ್ಸೆ. ಕಣ್ಣೊಳಗೆ ಕೂರಿಸುವ ಲೆನ್ಸ್ ಹೊರದೇಶದಿಂದ ಬರುವಾಗ ನೂರು ಡಾಲರ್ ದಾಟುತ್ತಿತ್ತು. 1992ರಲ್ಲಿ ಆರೋಲ್ಯಾಬ್ ಅಂತ ತಾವೇ ಕಾರ್ಖಾನೆ ಮಾಡಿ ಆ ಬೆಲೆಯನ್ನು ಹತ್ತರಲ್ಲಿ ಒಂದು ಭಾಗದ ಹತ್ತಿರಕ್ಕೆ ಇಳಿಸಿದರು. ಒಂದು ಮಾತು ಮಾತ್ರ ಕಾರ್ಡಿನಲ್ಲಿ ಬಿಟ್ಟುಹೋಗಿದೆ. ಅದು ನಡೆಯುವುದು ಟ್ರಸ್ಟ್ ಆಗಿ, ಷೇರು ಕಂಪನಿಯಾಗಿ ಅಲ್ಲ. ವಿದ್ಯಾರ್ಥಿಗಳು ಇದನ್ನು ಯೂನುಸ್ ಹೇಳಿದ ಮಾದರಿ ಅಂತಲೇ ಬರೆದುಬಿಡುತ್ತಾರೆ. ಕ್ಲಾಸಿನಲ್ಲಿ ನೀವೇ ಹೇಳಬೇಕು.

ಮೈಕ್ರೋ ಕ್ರೆಡಿಟ್ ಅಂದರೆ ಸಣ್ಣ ಸಾಲದ ಎರಡು ಕಾರ್ಡ್ ಇವೆ. ಕೈಪಿಡಿ ಇದಕ್ಕೆ ಒಂದು ಗಂಟೆ ಅನ್ನುತ್ತದೆ. ಸಾಲುವುದಿಲ್ಲ. 1976ರಲ್ಲಿ ಬಾಂಗ್ಲಾದೇಶದ ಜೋಬ್ರಾ ಹಳ್ಳಿಯಲ್ಲಿ 42 ಜನರಿಗೆ ಬೇಕಿದ್ದದ್ದು ಒಟ್ಟು 856 ಟಾಕಾ, ಆಗಿನ ಲೆಕ್ಕದಲ್ಲಿ 27 ಡಾಲರ್. ಯೂನುಸ್ ಅದನ್ನು ಜೇಬಿನಿಂದ ಕೊಟ್ಟದ್ದು ಓದಿದಾಗ ಕ್ಲಾಸು ಕರಗಿಹೋಗುತ್ತದೆ. 1983ರಲ್ಲಿ ಗ್ರಾಮೀಣ್ ಬ್ಯಾಂಕ್, 2006ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ. ಲಕೋಟೆ ಒಡೆದರೆ ಸಣ್ಣ ಸಾಲ ಕೊಡುವ ಮೆಕ್ಸಿಕೋದ ಬ್ಯಾಂಕ್ ಕಾಂಪಾರ್ಟಮೋಸ್ 2007ರಲ್ಲಿ ಷೇರು ಮಾರಿ ಹೂಡಿಕೆದಾರರು ಅಪಾರ ಲಾಭ ಮಾಡಿದ್ದು, 2010ರಲ್ಲಿ ಆಂಧ್ರಪ್ರದೇಶದಲ್ಲಿ ವಸೂಲಿಯ ಕಿರುಕುಳ, ಆತ್ಮಹತ್ಯೆಗಳ ಸುದ್ದಿ, ಸರ್ಕಾರ ಸುಗ್ರೀವಾಜ್ಞೆ ತಂದದ್ದು. ಈಗ ಕ್ಲಾಸು ಸಿಟ್ಟಿಗೇಳುತ್ತದೆ. ಕೊನೆಯಲ್ಲಿ 2015ರಲ್ಲಿ ಒಟ್ಟಿಗೆ ಬಂದ ಆರು ಅಧ್ಯಯನಗಳು: ಬೋಸ್ನಿಯಾ, ಇಥಿಯೋಪಿಯಾ, ಭಾರತ, ಮೆಕ್ಸಿಕೋ, ಮಂಗೋಲಿಯಾ, ಮೊರಾಕೊ. ಸಣ್ಣ ಸಾಲದಿಂದ ಸ್ವಲ್ಪ ಅನುಕೂಲ ಆಗುತ್ತದೆ, ಬದುಕೇ ಬದಲಾಗುವುದಿಲ್ಲ ಅನ್ನುವುದು ಅವುಗಳ ಒಟ್ಟು ಸಾರ. ಕರಗಿ, ಸಿಟ್ಟಾಗಿ, ಆಮೇಲೆ ಈ "ಸ್ವಲ್ಪ" ಅನ್ನುವ ಜಾಗಕ್ಕೆ ಬಂದು ನಿಲ್ಲಲು ಹುಡುಗರಿಗೆ ಹೊತ್ತು ಬೇಕು. ನಾನು ಎರಡು ಕ್ಲಾಸ್ ಕೊಟ್ಟೆ. ಮೂರು ಕೊಟ್ಟಿದ್ದರೂ ನಷ್ಟ ಇರಲಿಲ್ಲ.

ಈಗ ತಪ್ಪುಗಳಿಗೆ ಬರುತ್ತೇನೆ.

ಲೆಕ್ಕದ ಉತ್ತರ ಪುಸ್ತಕದಲ್ಲಿ ಒಂದು ದೊಡ್ಡ ತಪ್ಪಿದೆ. ಹೂಡಿಕೆದಾರರಿಗೆ ವಾಪಸ್ ಕೊಡುವ ಅಸಲನ್ನು ಲಾಭ-ನಷ್ಟದ ಪಟ್ಟಿಯಲ್ಲಿ ಖರ್ಚು ಅಂತ ತೋರಿಸಿದ್ದಾರೆ. ಅಸಲು ಹಿಂದಿರುಗಿಸುವುದು ಖರ್ಚಲ್ಲ. ಕೈಯಲ್ಲಿರುವ ನಗದು ಕಡಿಮೆಯಾಗುತ್ತದೆ ನಿಜ, ಆದರೆ ಲಾಭ ಕಡಿಮೆಯಾಗುವುದಿಲ್ಲ. ಕಾಮರ್ಸ್ ಸರ್ ಒಂದೇ ನೋಟಕ್ಕೆ ಹಿಡಿದರು. ಸೋಶಿಯಲ್ ಬಿಸಿನೆಸ್‌ನ ಎದೆಯಲ್ಲಿರುವ ವಿಷಯವೇ ಇದು, ಇಲ್ಲೇ ತಪ್ಪಿದರೆ ಹೇಗೆ? ಮೇಲ್ ಹಾಕಿದೆವು. ಮೂರು ವಾರ ಬಿಟ್ಟು ತಿದ್ದಿದ ಹಾಳೆ ಬಂತು. ಅಷ್ಟರಲ್ಲಿ ನಾವು ಆ ಪಾಠ ಮುಗಿಸಿಯಾಗಿತ್ತು. ಅಕೌಂಟ್ಸ್ ಗೊತ್ತಿರುವವರು ಜೊತೆಯಲ್ಲಿ ಇಲ್ಲದಿದ್ದರೆ ನಾನು ಅದನ್ನೇ ಕಲಿಸಿಬಿಡುತ್ತಿದ್ದೆ. ಆದ್ದರಿಂದ ಒಬ್ಬರೇ ಪಾಠ ಮಾಡುವವರು ಉತ್ತರ ಪುಸ್ತಕವನ್ನು ಲೆಕ್ಕ ಬಲ್ಲವರ ಕೈಯಲ್ಲಿ ಒಮ್ಮೆ ನೋಡಿಸಿ.

ಲೈವ್ ಕ್ಲಾಸ್ ಮೂರರಲ್ಲಿ ಎರಡು ಚೆನ್ನಾಗಿ ನಡೆದವು. ಒಂದು ನಡುವೆ ನಿಂತುಹೋಯಿತು, ಮತ್ತೆ ಇಡಲಿಲ್ಲ. ವಿಡಿಯೋಗಳು ಸಾಧಾರಣ.

ಆದರೆ ನನ್ನ ನಿಜವಾದ ದೂರು ವಾರದ ಪಟ್ಟಿಯ ಬಗ್ಗೆ. ಮೊದಲ ಏಳು ವಾರ ಬಿಸಿನೆಸ್. ಎಂಟು, ಒಂಬತ್ತನೇ ವಾರ ಕಲ್ಯಾಣ. ಹತ್ತರಿಂದ ಹದಿನಾಲ್ಕು ಪ್ರಾಜೆಕ್ಟ್. ಅಂದರೆ ಕಲ್ಯಾಣಕ್ಕೆ ಸಿಕ್ಕಿದ್ದು ಎರಡೇ ವಾರ, ಅದೂ ಎಲ್ಲರ ತಲೆಯಲ್ಲಿ ವ್ಯಾಪಾರ ಕೂತಾದ ಮೇಲೆ. ನಾನು ಮೊದಲ ಸಲ ಅವರು ಹೇಳಿದ ಹಾಗೇ ಮಾಡಿದೆ. ಎಂಟನೇ ವಾರ ಬರುವಷ್ಟರಲ್ಲಿ ಕ್ಲಾಸಿನ ಮಾತೇ ಬದಲಾಗಿತ್ತು. ಯಾವ ಕಷ್ಟ ಹೇಳಿದರೂ, "ಇದಕ್ಕೆ ಕಸ್ಟಮರ್ ಯಾರು?" ಅಂತ ಕೇಳುತ್ತಿದ್ದರು. ಹಸಿದವರು, ಹಾಸಿಗೆ ಹಿಡಿದವರು, ಎಲ್ಲರೂ ಕಸ್ಟಮರ್.

ಕಲ್ಯಾಣದ ಪಾಠ ಎರಡು ವಾರಕ್ಕೆ ಮುಗಿಯುವಂಥದ್ದಲ್ಲ. ಜರ್ಮನಿಯಲ್ಲಿ ಆಗಿನ ಚಾನ್ಸಲರ್ ಬಿಸ್ಮಾರ್ಕ್ 1883ರಲ್ಲಿ ಕಾಯಿಲೆಯ ವಿಮೆ, 1884ರಲ್ಲಿ ಅಪಘಾತದ ವಿಮೆ, 1889ರಲ್ಲಿ ಮುಪ್ಪಿನ ವಿಮೆ ತಂದದ್ದು ಯಾಕೆ ಅಂತ ಹೇಳಬೇಕು. ಆಗ ಪಿಂಚಣಿ ಸಿಗುತ್ತಿದ್ದದ್ದು ಎಪ್ಪತ್ತು ವರ್ಷಕ್ಕೆ. ಅಷ್ಟು ವರ್ಷ ಬದುಕುತ್ತಿದ್ದ ಕೂಲಿಗಾರರು ಎಷ್ಟು ಜನ ಅಂತ ಕೇಳಿದರೆ ಕ್ಲಾಸಿಗೆ ತಾನಾಗಿಯೇ ಅರ್ಥವಾಗುತ್ತದೆ. 1942ರಲ್ಲಿ, ಯುದ್ಧದ ನಡುವೆ, ಬ್ರಿಟನ್ನಿನಲ್ಲಿ ಸಾಮಾಜಿಕ ವಿಮೆಯ ಬಗ್ಗೆ ಬೆವರಿಜ್ ವರದಿ ಬಂತು. ಬಡತನ, ರೋಗ, ಅಜ್ಞಾನ, ಕೊಳಕು, ನಿರುದ್ಯೋಗ ಅಂತ ಐದು ರಾಕ್ಷಸರನ್ನು ಹೆಸರಿಸಿತು. 1948ರ ಜುಲೈ 5ರಂದು ಅಲ್ಲಿ ಎಲ್ಲರಿಗೂ ಉಚಿತ ವೈದ್ಯ ಸೇವೆ ಶುರುವಾಯಿತು. ಅದೇ ವರ್ಷ ವಿಶ್ವಸಂಸ್ಥೆ ಹೊರಡಿಸಿದ ಮಾನವ ಹಕ್ಕುಗಳ ಘೋಷಣೆಯಲ್ಲಿ 22 ಮತ್ತು 25ನೇ ವಿಧಿ ಸಾಮಾಜಿಕ ಭದ್ರತೆಯನ್ನು ಹಕ್ಕು ಅಂದವು. 1952ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 102ನೇ ಒಪ್ಪಂದ ಅದನ್ನು ಒಂಬತ್ತು ಭಾಗ ಮಾಡಿತು: ಚಿಕಿತ್ಸೆ, ಕಾಯಿಲೆಯ ದಿನಗಳ ಸಂಬಳ, ನಿರುದ್ಯೋಗ, ಮುಪ್ಪು, ಕೆಲಸದಲ್ಲಿ ಆಗುವ ಗಾಯ, ಮಕ್ಕಳ ಪಾಲನೆ, ಹೆರಿಗೆ, ಅಂಗವೈಕಲ್ಯ, ದುಡಿಯುವವರು ಸತ್ತ ಮೇಲೆ ಉಳಿದವರ ಬದುಕು.

ಈ ಒಂಬತ್ತನ್ನು ನಾನು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಿದೆ. ಕಿಟ್‌ನಲ್ಲಿ ಇದಿಲ್ಲ, ನಾನೇ ಸೇರಿಸಿದ್ದು. ಒಂದು ಚೀಟಿ ಎತ್ತಿ, ಇದನ್ನು ಬಿಸಿನೆಸ್ ಆಗಿ ಕೊಡಲು ಆಗುತ್ತಾ ಅಂತ ಗುಂಪಿನಲ್ಲಿ ಯೋಚಿಸಬೇಕು. ನಿರುದ್ಯೋಗದ ಚೀಟಿ ಸಿಕ್ಕಿದ ಗುಂಪು ಉತ್ಸಾಹದಿಂದ ಒಂದು ಪಾಲಿಸಿ ಮಾಡಿತು. ತಿಂಗಳಿಗೆ ಇಷ್ಟು ಕಟ್ಟಿದರೆ, ಕೆಲಸ ಹೋದಾಗ ಆರು ತಿಂಗಳು ದುಡ್ಡು. ಕಾಮರ್ಸ್ ಸರ್ ಒಂದೇ ಪ್ರಶ್ನೆ ಕೇಳಿದರು: "ಈ ಪಾಲಿಸಿ ತಗೊಳ್ಳೋರು ಯಾರು?" ಸ್ವಲ್ಪ ಹೊತ್ತಿಗೆ ಅವರೇ ಕಂಡುಕೊಂಡರು. ಕೆಲಸ ಹೋಗುವ ಭಯ ಇರುವವರು ಮಾತ್ರ ತಗೊಳ್ಳುತ್ತಾರೆ. ಭದ್ರ ಕೆಲಸ ಇರುವವರು ಯಾಕೆ ಕಟ್ಟುತ್ತಾರೆ? ಆಗ ಕಂತು ಏರಿಸಬೇಕು. ಏರಿಸಿದರೆ ಇನ್ನಷ್ಟು ಜನ ಬಿಡುತ್ತಾರೆ. ಎಲ್ಲರೂ ಕಟ್ಟಲೇಬೇಕು ಅಂತ ಕಾನೂನು ಇದ್ದರೆ ಮಾತ್ರ ಇದು ನಿಲ್ಲುತ್ತದೆ. ಬಿಸ್ಮಾರ್ಕ್ ಯಾಕೆ ಕಡ್ಡಾಯ ಮಾಡಿದ ಅಂತ ಆ ಹುಡುಗರಿಗೆ ನಾನು ಹೇಳಿಕೊಡಬೇಕಾಗಲಿಲ್ಲ.

ಇಲ್ಲಿ ನಮ್ಮ ಭಾಷೆಯ ಒಂದು ಮಾತೂ ಹೇಳಬೇಕು. ಹುಡುಗರು ಬರೆಯುವಾಗ ಪಿಂಚಣಿಗೂ ಸವಲತ್ತು, ಹೆರಿಗೆ ರಜೆಗೂ ಸವಲತ್ತು ಅನ್ನುತ್ತಾರೆ. ಪಡೆಯುವವರು ಫಲಾನುಭವಿ. ಸವಲತ್ತು ಅಂದರೆ ಕೊಟ್ಟವರು ದೊಡ್ಡವರು, ಮನಸ್ಸು ಬಂದಾಗ ಕೊಟ್ಟದ್ದು. ಫಲಾನುಭವಿ ಅಂದರೆ ಯಾರದ್ದೋ ಮರದ ಹಣ್ಣು ತಿಂದವರು. ಆ ಸೆಮಿಸ್ಟರ್ ಪೂರ್ತಿ ಹಕ್ಕು, ಹಕ್ಕುದಾರರು ಅಂತಲೇ ಬರೆಯಿರಿ ಅಂದೆ. ಮೊದಲು ಬಾಯಿಗೆ ಬರುತ್ತಿರಲಿಲ್ಲ. ಆಮೇಲೆ ಕಾಮರ್ಸ್ ಹುಡುಗರೇ ಬೇರೆಯವರನ್ನು ತಿದ್ದತೊಡಗಿದರು.

2023ರಲ್ಲಿ ಜಗತ್ತಿನ ಜನರಲ್ಲಿ ಚಿಕಿತ್ಸೆ ಬಿಟ್ಟು ಸಾಮಾಜಿಕ ಭದ್ರತೆಯ ಒಂದಾದರೂ ನೆರವು ಸಿಗುತ್ತಿದ್ದದ್ದು ನೂರಕ್ಕೆ 52.4 ಜನರಿಗೆ ಅನ್ನುತ್ತದೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ವರದಿ. 380 ಕೋಟಿ ಜನರಿಗೆ ಒಂದೂ ಇರಲಿಲ್ಲ. ಸೋಶಿಯಲ್ ಬಿಸಿನೆಸ್ ಬೇಡ ಅಂತ ನಾನು ಹೇಳುತ್ತಿಲ್ಲ. ಲೆನ್ಸ್ ಕಾರ್ಖಾನೆಯಂಥದ್ದನ್ನು ನೋಡಿ ಹೇಗೆ ಬೇಡ ಅನ್ನಲಿ? ಆದರೆ ಹಕ್ಕು ಎಲ್ಲಿಯವರೆಗೆ ಇದೆ ಅಂತ ಗೊತ್ತಿಲ್ಲದ ಹುಡುಗ, ಹಕ್ಕಾಗಿ ಸಿಗಬೇಕಾದ್ದನ್ನೂ ಬಡವರಿಗೆ ಮಾರಲು ಹೊರಡುತ್ತಾನೆ, ಒಳ್ಳೆಯ ಮನಸ್ಸಿನಿಂದಲೇ ಹೊರಡುತ್ತಾನೆ. ಅದಕ್ಕೇ ಮುಂದಿನ ಸೆಮಿಸ್ಟರ್‌ಗೆ ನನ್ನ ಕ್ರಮ ಹೀಗೆ: ಮೊದಲ ಐದು ವಾರ ಕಲ್ಯಾಣ, ಆಮೇಲೆ ನಾಲ್ಕು ವಾರ ಬಿಸಿನೆಸ್, ಆಮೇಲೆ ಪ್ರಾಜೆಕ್ಟ್. ಕೇಸ್ ಕಾರ್ಡ್ ಬಿಡಿ ಬಿಡಿಯಾಗಿರುವುದರಿಂದ ಹಿಂದೆ ಮುಂದೆ ಮಾಡಲು ತೊಂದರೆಯಿಲ್ಲ. 24ರಲ್ಲಿ ಹತ್ತು ಬಿಟ್ಟರೂ ನಡೆಯುತ್ತದೆ. ಪ್ಲೇಪಂಪ್ ಮತ್ತು ಮೊಸರು ಮಾತ್ರ ಬಿಡಬೇಡಿ.

ಪ್ರಾಜೆಕ್ಟ್‌ಗೆ ಕಿಟ್ ಹಾಕಿರುವ ಒಂದು ನಿಯಮ ಬಂಗಾರದಂಥದ್ದು. ಐಡಿಯಾ ಬರೆಯುವ ಮೊದಲು ಕಷ್ಟದಲ್ಲಿರುವ ಹತ್ತು ಜನರ ಜೊತೆ ಕೂತು ಮಾತಾಡಬೇಕು. ಏನನ್ನೂ ಮಾರುವ ಮಾತು ಎತ್ತಬಾರದು. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದು ತರಬೇಕು. ಇದಿಲ್ಲದಿದ್ದರೆ ಆರೂ ಗುಂಪು ಆ್ಯಪ್ ಮಾಡುತ್ತಿದ್ದವು.

ಒಂದು ಗುಂಪು ವಯಸ್ಸಾದವರಿಗೆ ಕಡಿಮೆ ಬೆಲೆಯ ಕಿವಿ ಮೆಷಿನ್ ಮಾರುವ ಕಂಪನಿ ಅಂತ ಹೊರಟಿತು. ಹನ್ನೊಂದು ಜನರನ್ನು ಮಾತಾಡಿಸಿ ಬಂದರು. ಬಂದವರ ಮುಖ ಪೆಚ್ಚಾಗಿತ್ತು. "ಮೇಡಂ, ಮೆಷಿನ್ ಸರ್ಕಾರದಿಂದ ಪುಕ್ಕಟೆ ಸಿಗುತ್ತಂತೆ. ಹನ್ನೊಂದರಲ್ಲಿ ಎಂಟು ಜನಕ್ಕೆ ಅದು ಗೊತ್ತೇ ಇಲ್ಲ. ಗೊತ್ತಿದ್ದ ಮೂರು ಜನ ಅರ್ಜಿ ಹಾಕಿ ಬಿಟ್ಟುಬಿಟ್ಟಿದ್ದಾರೆ." ಯಾಕೆ ಬಿಟ್ಟರು ಅಂತ ಕೇಳಿದೆ. ಒಬ್ಬ ಅಜ್ಜಿಯ ಮಾತನ್ನು ಬರೆದುಕೊಂಡು ಬಂದಿದ್ದರು. "ಆಫೀಸಿನಲ್ಲಿ ನನ್ನ ಹೆಸರು ಕೂಗಿದ್ದು ನನಗೆ ಕೇಳಿಸಲಿಲ್ಲ. ಸಾಯಂಕಾಲದ ತನಕ ಕೂತು ಎದ್ದು ಬಂದೆ."

ಕಿವಿ ಕೇಳದವರಿಗೆ ಇರುವ ಯೋಜನೆಯಲ್ಲಿ ಹೆಸರು ಕೂಗಿ ಕರೆಯುತ್ತಾರೆ. ಆ ಸಾಲು ಓದಿದ ಮೇಲೆ ಗುಂಪಿನವರು ಎರಡು ದಿನ ಜಗಳವಾಡಿದರು. ಕೊನೆಗೆ ಕಂಪನಿ ಬೇಡ ಅಂದರು. ಅರ್ಜಿ ತುಂಬಲು ಒಂದು ಪುಟದ ಸರಳ ಸೂಚನೆ ಬರೆದರು, ದೊಡ್ಡ ಅಕ್ಷರದಲ್ಲಿ. ಹೆಸರು ಕೂಗುವ ಬದಲು ನಂಬರ್ ಚೀಟಿ ಕೊಟ್ಟು ಬೋರ್ಡಿನ ಮೇಲೆ ನಂಬರ್ ತೋರಿಸಿ ಅಂತ ಆಫೀಸಿಗೆ ಮನವಿ ಬರೆದರು. ತಾವೇ ಜೊತೆಗೆ ಹೋಗಿ ಕೂತರು.

ಕಿಟ್‌ನ ಅಂಕದ ಪಟ್ಟಿಯಲ್ಲಿ ಇವರಿಗೆ ಎಷ್ಟು ಬರುತ್ತದೆ ಗೊತ್ತಾ? ಒಟ್ಟು 20 ಅಂಕ. ಆದಾಯ ಹೇಗೆ ಅನ್ನುವುದಕ್ಕೆ 6, ಎಷ್ಟು ದೊಡ್ಡದಾಗಿ ಬೆಳೆಸಬಹುದು ಅನ್ನುವುದಕ್ಕೆ 6, ಹೊಸತನಕ್ಕೆ 4, ಸಮಸ್ಯೆ ಅರ್ಥ ಮಾಡಿಕೊಂಡದ್ದಕ್ಕೆ 4. ಇವರಿಗೆ ಆದಾಯ ಇಲ್ಲ, ಬೆಳೆಸುವ ಪ್ಲಾನ್ ಇಲ್ಲ. ಏಳು ದಾಟಲಿಲ್ಲ. ಐದು ಜನರನ್ನೂ ಸರಿಯಾಗಿ ಮಾತಾಡಿಸದೆ ಚೆಂದದ ಸ್ಲೈಡ್ ಮಾಡಿದ ಗುಂಪಿಗೆ ಹದಿನಾರು. ನಾನು ಮತ್ತು ಕಾಮರ್ಸ್ ಸರ್ ಆ ಪಟ್ಟಿಯನ್ನು ಪಕ್ಕಕ್ಕಿಟ್ಟು ನಮ್ಮದೇ ಪಟ್ಟಿ ಮಾಡಿದೆವು. ಸಮಸ್ಯೆಯ ತಿಳುವಳಿಕೆಗೆ 8, ಇದು ಹಕ್ಕಿನಿಂದ ಬಗೆಹರಿಯಬೇಕೋ ವ್ಯಾಪಾರದಿಂದಲೋ ಅಂತ ಕಾರಣ ಕೊಟ್ಟು ವಾದಿಸುವುದಕ್ಕೆ 6, ಲೆಕ್ಕಕ್ಕೆ 6. ಲೆಕ್ಕದಲ್ಲಿ ಅವರು ಒಂದು ಅರ್ಜಿಗೆ ಎಷ್ಟು ಗಂಟೆ, ಎಷ್ಟು ಓಡಾಟ ಅಂತ ಅಚ್ಚುಕಟ್ಟಾಗಿ ಬರೆದಿದ್ದರು. 17 ಕೊಟ್ಟೆವು. ಕಿಟ್ ತಯಾರಿಸಿದವರಿಗೆ ಬರೆದಿದ್ದೇನೆ. ಮುಂದಿನ ಆವೃತ್ತಿಯಲ್ಲಿ ನೋಡುತ್ತೇವೆ ಅಂದಿದ್ದಾರೆ. ತಗೊಳ್ಳುವವರು ಆ ಅಂಕದ ಪಟ್ಟಿಯನ್ನು ಕ್ಲಾಸಿಗೆ ಕೊಡಲೇಬೇಡಿ.

ಒಟ್ಟು ಏಳು ಅರ್ಜಿ ಹಾಕಿಸಿದ್ದರು. ನಾಲ್ಕು ಜನರಿಗೆ ಮೆಷಿನ್ ಬಂದಿದೆ. ಆ ಅಜ್ಜಿಯದ್ದು ಇನ್ನೂ ಬಂದಿಲ್ಲ. ಪರೀಕ್ಷೆ ಮುಗಿದು ಒಂದು ತಿಂಗಳಾಯಿತು, ಮೊನ್ನೆ ಮಂಗಳವಾರ ಗುಂಪಿನ ಇಬ್ಬರು ಮತ್ತೆ ಆಕೆಯ ಜೊತೆ ಆಫೀಸಿಗೆ ಹೋಗಿ ಬಂದರು.